ಊರಿಗೆ ಆಪ್ ಬೇಡ ಸ್ವಾಮಿ, ಓಣಿಗಿಬ್ಬರು ಬೇಕು

ನಮ್ಮ ಐಟಿ ಮಂದಿಗೆ ಹಳ್ಳಿ ಅಂದ ಕೂಡಲೇ ಒಂದು ಆಪ್ ನೆನಪಾಗುತ್ತೆ. ಹ್ಯಾಕಥಾನ್ ಇರಲಿ, ಶನಿವಾರದ ಸಮಾಜಸೇವೆ ಇರಲಿ, 'ಗ್ರಾಮೀಣ ಜನರಿಗೆ ಮಾಹಿತಿ ತಲುಪಿಸುವ ಆಪ್' ಅಂತ ಒಂದು ಸ್ಲೈಡ್ ಗ್ಯಾರಂಟಿ. ಅದರಲ್ಲಿ ಒಬ್ಬ ರೈತ, ತಲೆಗೆ ರುಮಾಲು, ಕೈಯಲ್ಲಿ ಸ್ಮಾರ್ಟ್‌ಫೋನು, ಮುಖದ ತುಂಬ ನಗು. ನಾನೂ ಇಂಜಿನಿಯರಿಂಗ್ ಓದಿ ಕೋಡ್ ಬರೆದೇ ಅನ್ನ ತಿನ್ನೋನು. ಆದ್ರೆ ಸುರಪುರದ ದೇವಾಪುರ ಕಡೆಯವನಾಗಿ ಈ ಸ್ಲೈಡ್ ನೋಡಿದಾಗಲೆಲ್ಲ ಮೈ ಉರಿಯುತ್ತೆ.

ನಮ್ಮ ಕಡೆ ಮಾಹಿತಿ ಅಂದ್ರೆ ಮಳೆಗಾಲದಲ್ಲಿ ಮೊದಲನೇದು ಕೃಷ್ಣೆ. ಆಲಮಟ್ಟಿ ತುಂಬಿದ್ರೆ ನಾರಾಯಣಪುರ, ನಾರಾಯಣಪುರದಲ್ಲಿ ಗೇಟ್ ಎತ್ತಿದ್ರೆ ಕೆಳಗೆ ನಾವು. 2019ರ ಆಗಸ್ಟ್‌ನಲ್ಲಿ ಬಿಟ್ಟ ನೀರು ಆರು ಲಕ್ಷ ಕ್ಯೂಸೆಕ್ ಮುಟ್ಟಿತ್ತು. ಪ್ರತಿ ಸಲವೂ ಒಂದೇ ಪ್ರಕಟಣೆ: ಇಷ್ಟು ಲಕ್ಷ ಕ್ಯೂಸೆಕ್ ಬಿಡಲಾಗಿದೆ, ನದಿ ಪಾತ್ರದ ಜನ ಎಚ್ಚರದಿಂದಿರಬೇಕು. ಮುಗೀತು. ನದಿ ದಂಡೆಗೆ ಹೊಲ ಇರೋ ನಮ್ಮ ಕಾಕಾ ಒಮ್ಮೆ ಫೋನಿನಲ್ಲಿ ಕೇಳಿದ್ರು, "ತಮ್ಮಾ, ನಾಕ್ ಲಕ್ಷ ಅಂತಾರ. ಅಂದ್ರ ನೀರು ನಮ್ಮ ಮೋಟ್ರು ತನಕ ಬರ್ತದೋ ಇಲ್ಲೋ? ಅಷ್ಟು ಹೇಳು ಸಾಕು."

ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. ನಾಲ್ಕು ಲಕ್ಷ ಅಂದ್ರೆ ಸೆಕೆಂಡಿಗೆ ಒಂದು ಕೋಟಿ ಲೀಟರ್‌ಗೂ ಮೇಲೆ. ಈ ಗುಣಾಕಾರ ತಗೊಂಡು ಕಾಕಾ ಏನು ಮಾಡ್ಬೇಕು? ಅವರಿಗೆ ಬೇಕಾದ ಉತ್ತರ ಯಾವ ಸರ್ವರ್‌ನಲ್ಲೂ ಇಲ್ಲ. 2019ರಲ್ಲಿ ನೀರು ಯಾವ ಬೇವಿನ ಮರದ ಬುಡಕ್ಕೆ ಬಂದು ನಿಂತಿತ್ತು ಅಂತ ಕಣ್ಣಾರೆ ಕಂಡವರ ಹತ್ತಿರ ಇದೆ. ಅವರನ್ನ ಕೇಳೋರಿಲ್ಲ, ಬರೆದಿಡೋರಿಲ್ಲ.

ಇನ್ನೊಂದು ಮಾತು. ಮಾಹಿತಿ ಮೇಲಿಂದ ಕೆಳಗೆ ಮಾತ್ರ ಇಳಿಯೋ ವಸ್ತು ಅಂತ ಯಾರು ಹೇಳಿದ್ದು? ಕಕ್ಕೇರಾ ಹತ್ತಿರದ ನೀಲಕಂಠರಾಯನಗಡ್ಡಿ ಕೃಷ್ಣೆಯ ನಡುಗಡ್ಡೆ. 2013ರಲ್ಲಿ ಅಲ್ಲಿಂದ ಒಬ್ಬ ತುಂಬು ಗರ್ಭಿಣಿ ಒಣ ಸೋರೆಬುರುಡೆ ಕಟ್ಟಿಕೊಂಡು, ತುಂಬಿದ ಹೊಳೆ ಈಜಿ ದಡ ಸೇರಿದ್ದು ಆಗ ದೊಡ್ಡ ಸುದ್ದಿ. ಬಿಬಿಸಿವರೆಗೂ ಹೋಯ್ತು. ಎಲ್ಲರೂ ಆಕೆಯ ಧೈರ್ಯ ಹೊಗಳಿದ್ರು. ನನಗಂತೂ ಅದು ಹೊಗಳಿ ಸುಮ್ಮನಾಗೋ ಸಂಗತಿ ಅನ್ನಿಸಲೇ ಇಲ್ಲ. ಗಡ್ಡಿಯಲ್ಲಿ ಯಾರು ಬಸುರಿ, ಎಷ್ಟು ತಿಂಗಳು ಅನ್ನೋದು ಊರ ಹೆಂಗಸರಿಗೆಲ್ಲ ಗೊತ್ತಿರುತ್ತೆ. ಹೊಳೆ ಏರೋಕೆ ಮುಂಚೆ ಅದು ತಹಶೀಲ್ದಾರ್ ಕಚೇರಿಯ ಮೇಜಿಗೆ ಹೋಗಿ ದೋಣಿಯಾಗಿ ವಾಪಸ್ ಬರೋ ದಾರಿ ಇದ್ದಿದ್ರೆ ಆಕೆ ಯಾಕೆ ಈಜಬೇಕಿತ್ತು?

"ವಾಟ್ಸಾಪ್ ಇದೆಯಲ್ಲಾ ಗುರು" ಅಂತೀರಾ? ಇದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಜನ ಒಬ್ಬನನ್ನ ಹೊಡೆದು ಕೊಂದರಲ್ಲ, ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ಸುದ್ದಿ ಅಲ್ಲಿಗೆ ಹಾರಿದ್ದು ಅದರಲ್ಲೇ. ಸತ್ತವನು ನಮ್ಮ ಹಾಗೇ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್, ಹೈದರಾಬಾದಿನವನು. ಅದೇ ತಿಂಗಳು ವಾಟ್ಸಾಪ್‌ನವರು ಭಾರತದಲ್ಲಿ ಒಂದು ಮೆಸೇಜನ್ನ ಐದು ಚಾಟ್‌ಗಿಂತ ಹೆಚ್ಚಿಗೆ ಫಾರ್ವರ್ಡ್ ಮಾಡದ ಹಾಗೆ ಮಿತಿ ಹಾಕೋಕೆ ಹೊರಟರು. ಸಂತೋಷ. ಆದ್ರೆ ಮೆಸೇಜ್ ಬಂದಾಗ "ಇದು ಖರೇನಾ?" ಅಂತ ಕೇಳೋಕೆ ಓಣಿಯಲ್ಲಿ ಒಂದು ಮನೆ ಬೇಕಲ್ಲ, ಅದನ್ನ ಯಾವ ಅಪ್‌ಡೇಟ್ ಕೊಡುತ್ತೆ?

ಕಾನೂನಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು, ತಮಾಷೆ ನೋಡಿ. ಮಾಹಿತಿ ಹಕ್ಕು ಅಂದ್ರೆ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕೋದು ಅಂದ್ಕೊಂಡಿದ್ದೀವಿ. 2005ರ ಆ ಕಾಯ್ದೆಯ 4ನೇ ಸೆಕ್ಷನ್ ಓದಿ. ಕೇಳದೆಯೇ ಕೊಡಬೇಕು, ಸ್ಥಳೀಯ ಭಾಷೆ ನೋಡಿಕೊಂಡು ಕೊಡಬೇಕು, ಆ ಜಾಗಕ್ಕೆ ಯಾವುದು ಹೆಚ್ಚು ಪರಿಣಾಮಕಾರಿಯೋ ಆ ವಿಧಾನದಲ್ಲಿ ಕೊಡಬೇಕು ಅಂತಿದೆ. ನೋಟಿಸ್ ಬೋರ್ಡ್, ಪತ್ರಿಕೆ, ಸಾರ್ವಜನಿಕ ಘೋಷಣೆ, ಇಂಟರ್ನೆಟ್ ಎಲ್ಲವನ್ನೂ ಹೆಸರಿಸಿದೆ. ನಾವು ಕೊನೇದನ್ನ ಮಾತ್ರ ಹಿಡ್ಕೊಂಡ್ವಿ.

ಇದು ಆಗದ ಹೋಗದ ಮಾತೂ ಅಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ (ಹೈದರಾಲಿ ಹುಟ್ಟಿದ ಊರು) 2000ದ ದಶಕದ ಶುರುವಿನಲ್ಲಿ 'ನಮ್ಮ ಧ್ವನಿ' ಅಂತ ಇತ್ತು. ಮೈರಾಡ, ವಾಯ್ಸಸ್ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ಕಟ್ಟಿದ್ದು. ಸಮುದಾಯಕ್ಕೆ ರೇಡಿಯೋ ಲೈಸೆನ್ಸ್ ಕೊಡದ ಕಾಲ ಅದು, ನೀತಿ ಬದಲಾಗಿದ್ದು 2006ರಲ್ಲಿ. ಅಷ್ಟರಲ್ಲಿ ಅವರು ಕೈಕಟ್ಟಿ ಕೂರಲಿಲ್ಲ. ಟಿವಿಯ ಕೇಬಲ್ಲಿನಲ್ಲೇ ಧ್ವನಿ ಹರಿಸಿದ್ರು, ಸ್ಪೀಕರ್ ಇಟ್ಟು ಕೇಳಿಸಿದ್ರು. ಸಂಘದ ಹೆಂಗಸರು ತಮ್ಮ ಮಾತು ತಾವೇ ರೆಕಾರ್ಡ್ ಮಾಡಿದ್ರು. ತಂತ್ರಜ್ಞಾನ ಇತ್ತು, ಆದ್ರೆ ಜನರ ಹಿಂದೆ ಇತ್ತು.

ಹಾಗಂತ ಹಳೇ ಡಂಗುರವೇ ಚೆಂದ ಅಂತ ನಾಸ್ಟಾಲ್ಜಿಯಾ ಹೊಡೆಯೋರ ಜೊತೆಗೂ ನಾನಿಲ್ಲ. ಹಲಗೆ ಹೊಡೆಯೋ ಕೆಲಸವನ್ನ ಬಿಟ್ಟಿ ಚಾಕರಿಯಾಗಿ ಯಾರ ಹೆಗಲಿಗೆ ಕಟ್ಟಿದ್ರು ಅಂತ ಎಲ್ಲರಿಗೂ ಗೊತ್ತು. ಸುದ್ದಿ ಸಾರೋದು ಒಂದೇ ಕೇರಿಯವರ ಪಾಲಿಗೆ ಬರಬಾರದು. ಎಲ್ಲಾ ಓಣಿಯಿಂದ ಇಬ್ಬಿಬ್ಬರು, ಅದರಲ್ಲಿ ಒಬ್ಬರು ಹೆಂಗಸು, ಆರು ತಿಂಗಳಿಗೊಮ್ಮೆ ಪಾಳಿ ಬದಲು. ಗೌಡರ ಮನೆ ಹುಡುಗ ಕೇರಿಗೆ ಹೋಗಿ ಬಾಗಿಲು ಬಡಿಯಲಿ, ಕೇರಿಯ ಹುಡುಗಿ ಗೌಡರ ಬಾಗಿಲು ಬಡಿಯಲಿ.

"ಆಶಾ ಕಾರ್ಯಕರ್ತೆಯರು ಇದ್ದಾರಲ್ಲ?" ಇದ್ದಾರೆ. ಗೌರವಧನಕ್ಕಾಗಿ 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಕೂತಿದ್ದೂ ಅವರೇ. ಅವರ ತಲೆ ಮೇಲೆ ಇನ್ನೊಂದು ಮೂಟೆ ಹೇರೋ ಮುಂಚೆ ಸ್ವಲ್ಪ ನಾಚಿಕೆ ಇರಲಿ.

ಕೆಲಸ ಬಹಳ ಇಲ್ಲ. ಇಬ್ಬರ ಹೆಸರು, ನಂಬರು ಓಣಿಯ ಗೋಡೆ ಮೇಲೆ ದಪ್ಪಕ್ಷರದಲ್ಲಿ. ಯಾವ ಸುದ್ದಿಯಾದ್ರೂ ಯಾರು ಹೇಳಿದ್ದು, ಎಷ್ಟೊತ್ತಿಗೆ ಹೇಳಿದ್ದು ಅನ್ನೋದು ಸೇರಿಸಿ ಹೇಳೋದು. ಗೊತ್ತಿಲ್ಲದಿದ್ರೆ ಗೊತ್ತಿಲ್ಲ, ಕೇಳಿ ಹೇಳ್ತೀನಿ ಅನ್ನೋದು. ಕಾಲುವೆ ನೀರಿನ ವಾರಾಬಂದಿ ತಾರೀಕು, ರೇಷನ್ ಬಂದ ದಿನ, ಗ್ರಾಮಸಭೆಯ ದಿನ ಮುಂಚೆಯೇ ಮನೆಮನೆಗೆ ಮುಟ್ಟಿಸೋದು. ಗ್ರಾಮಸಭೆ ಆದಮೇಲೆ 'ಆಯ್ತಂತೆ' ಅಂತ ಕೇಳಿ ಕೇಳಿ ಸಾಕಾಗಿದೆ. ಕುಂಟರು, ಮುದುಕರು, ಬಸುರಿಯರ ಪಟ್ಟಿ ಮಳೆಗೆ ಮುಂಚೆ ಪಂಚಾಯ್ತಿಗೆ ಕೊಟ್ಟು ಸಹಿ ಹಾಕಿಸಿಕೊಳ್ಳೋದು.

ಆಮೇಲೆ ಒಂದು ಡಬ್ಬಿ ಕೆಂಪು ಪೇಂಟು. ನದಿ ಕಡೆಯ ಊರುಗಳಲ್ಲಿ ಬಂಡೆಗೆ, ಗುಡಿ ಮೆಟ್ಟಿಲಿಗೆ, ವಿದ್ಯುತ್ ಕಂಬಕ್ಕೆ ಗೆರೆ ಎಳೆದು ಎರಡು ಲಕ್ಷಕ್ಕೆ ಇಲ್ಲಿ, ನಾಲ್ಕಕ್ಕೆ ಇಲ್ಲಿ, 2019ಕ್ಕೆ ಇಲ್ಲಿ ಅಂತ ಬರೆಯೋದು. ನಮ್ಮ ಪೈಕಿ ಕೃಷ್ಣೆ, ಭೀಮೆ ದಂಡೆಯ ಬ್ಲಾಗಿಗರು ಯಾರಾದ್ರೂ ಇದ್ರೆ ಬೇಸಿಗೆ ರಜಕ್ಕೆ ಊರಿಗೆ ಹೋದಾಗ ಹಿರಿಯರನ್ನ ಕರ್ಕೊಂಡು ದಂಡೆಗೆ ಹೋಗಿ ಬನ್ನಿ. ಪೇಂಟಿನ ಖರ್ಚು ನನ್ನದು. ಕಾಕಾನ ಮೋಟ್ರು ಇರೋ ಜಾಗದ ಗೆರೆ ನಾನೇ ಎಳೀತೀನಿ :-)