ಮನೆಯ ಲೆಕ್ಕ: ಊರು ಎಷ್ಟು ದೂರ?



ಮೊನ್ನೆ ನಾವು ಪರಿಚಯದವರ ಮನೆಗೆ ಹೋದಾಗ, ಆರನೆಯ ಇಯತ್ತೆಯ ಹುಡುಗನೊಬ್ಬ ದೊಡ್ಡ ಹಾಳೆ ಹರಡಿಕೊಂಡು ಪುಣೆಯಿಂದ ಧಾರವಾಡದವರೆಗಿನ ನಕಾಶೆ ತೆಗೆಯುತ್ತಿದ್ದನು. ಊರು ಬಿಟ್ಟು ಮಗನ ಮನೆಗೆ ಬಂದಿರುವ ಅಜ್ಜಿಗೆ ಅದನ್ನು ತೋರಿಸಬೇಕೆಂಬುದು ಅವನ ಹುರುಪು. ಸಾತಾರೆಯನ್ನು ಸರಿಯಾಗಿ ಗುರುತಿಸಿದ್ದನು. ಆದರೆ ಧಾರವಾಡ ಮಾತ್ರ ಸಾತಾರೆಗಿಂತಲೂ ಈಚೆಗೆ ಬಂದು ಕುಳಿತಿತ್ತು!

ಅಜ್ಜಿ ನಕ್ಕರು. "ಇಷ್ಟ ಹತ್ತರ ಇದ್ದಿದ್ರ ಪ್ರತಿ ಅಮಾವಾಸ್ಯೆಗೆ ಹೋಗಿ ಬರತಿದ್ದೆ, ಮಗಾ." ನಗೆಯ ಹಿಂದೆ ನಿಟ್ಟುಸಿರೂ ಇತ್ತು. ಹುಡುಗನ ಮೋರೆ ಸಣ್ಣದಾಯಿತು. ನಾವು ಅವನ ಪಕ್ಕದಲ್ಲಿ ಕುಳಿತು ಲೆಕ್ಕ ನೋಡಿದೆವು.

ಅವನು ಹಿಡಿದ ಪ್ರಮಾಣ 1:20,00,000. ಎಂದರೆ ಕಾಗದದ ಮೇಲಿನ 1 ಸೆಂಟಿಮೀಟರು ನೆಲದ ಮೇಲಿನ 20 ಲಕ್ಷ ಸೆಂಟಿಮೀಟರಿಗೆ ಸಮ. ಪುಣೆ–ಧಾರವಾಡದ ನೇರ ಅಂತರ ಸುಮಾರು 360 ಕಿಲೋಮೀಟರು. ಭಾಗಿಸುವ ಮೊದಲು ಎರಡನ್ನೂ ಒಂದೇ ಮಾನಕ್ಕೆ ತರಬೇಕು. ಒಂದು ಕಿಲೋಮೀಟರಿಗೆ 1,00,000 ಸೆಂಟಿಮೀಟರು. ಹುಡುಗ ಒಂದು ಸೊನ್ನೆ ನುಂಗಿ 10,000 ಎಂದು ಹಿಡಿದಿದ್ದನು. ಅದರಿಂದ 18 ಸೆಂಟಿಮೀಟರು ಬರುವಲ್ಲಿ 1.8 ಬಂದಿತು. ಸರಿಯಾದ ಲೆಕ್ಕ ಹೀಗೆ: 3,60,00,000 ÷ 20,00,000 = 18.

ಇದಕ್ಕೊಂದು ಸುಲಭ ಉಪಾಯವುಂಟು. ಪ್ರಮಾಣದ ಸಂಖ್ಯೆಯಿಂದ ಕೊನೆಯ ಐದು ಸೊನ್ನೆ ತೆಗೆದುಬಿಡಿರಿ. ಉಳಿದ 20 ಎಂದರೆ ಒಂದು ಸೆಂಟಿಮೀಟರಿಗೆ 20 ಕಿಲೋಮೀಟರು. 360ನ್ನು 20ರಿಂದ ಭಾಗಿಸಿದರೆ ಮುಗಿಯಿತು.

ಹಿಂದೆ ನಮ್ಮ ದೇಶದ ಸರ್ವೇ ನಕಾಶೆಗಳಲ್ಲಿ ಮೈಲಿಗೆ ಒಂದು ಅಂಗುಲದ ರೂಢಿಯಿತ್ತು. ಮೈಲಿಗೆ 1,760 ಗಜ, ಗಜಕ್ಕೆ 36 ಅಂಗುಲ; ಆದುದರಿಂದ ಆ ಪ್ರಮಾಣ 1:63,360. ಮೆಟ್ರಿಕ್ ಪದ್ಧತಿ ಬಂದ ಮೇಲೆ 1:50,000 ಬಳಕೆಗೆ ಬಂದಿತು. ಅದರಲ್ಲಿ ಕಿಲೋಮೀಟರಿಗೆ 2 ಸೆಂಟಿಮೀಟರು. 1800ರಲ್ಲಿ ಲ್ಯಾಂಬ್ಟನ್ ಸಾಹೇಬರು ಬೆಂಗಳೂರಿನ ಬಳಿ ಉಕ್ಕಿನ ಸರಪಣಿಯಿಂದ ಸುಮಾರು 7.4 ಮೈಲಿನ ಆಧಾರರೇಖೆಯನ್ನು ಅಳೆದರು. ಹಳೆಯ ಪ್ರಮಾಣದಲ್ಲಿ ಅದು 7.4 ಅಂಗುಲ, ಎಂದರೆ ಸುಮಾರು 19 ಸೆಂಟಿಮೀಟರು. ಹೊಸದರಲ್ಲಿ ಸುಮಾರು 24. ನೆಲ ಅದೇ, ಕಾಗದದ ಮೇಲಿನ ಗೆರೆ ಮಾತ್ರ ಬೇರೆ. ಪ್ರಮಾಣ ಬರೆಯದ ನಕಾಶೆ ಬರಿಯ ಚಿತ್ರವಷ್ಟೇ.

ಇನ್ನೊಂದು ಮಾತು. ಗಾಡಿ ನೇರ ಗೆರೆಯಲ್ಲಿ ಓಡುವುದಿಲ್ಲ. ಕೊಲ್ಹಾಪುರ, ಬೆಳಗಾವಿಗಳ ಮೇಲೆ ಹೋಗುವ ರಸ್ತೆ ಸುಮಾರು 420 ಕಿಲೋಮೀಟರು. ಅದೇ ಪ್ರಮಾಣದಲ್ಲಿ 21 ಸೆಂಟಿಮೀಟರಿನ ದಾರ ಬೇಕು.

ಹುಡುಗ ಹಳೆಯ ಗುರುತು ಅಳಿಸಿ ಧಾರವಾಡವನ್ನು ಅದರ ಜಾಗದಲ್ಲಿ ಇಟ್ಟನು. ಅಜ್ಜಿ ಪುಣೆಯ ಮೇಲೆ ಹೆಬ್ಬೆರಳೂರಿ ಕೈ ಅಗಲಿಸಿದರು. ಕಿರುಬೆರಳು ಊರಿಗೆ ಮುಟ್ಟಿತು. "ಒಂದ ಗೇಣು," ಎಂದರು. "ದೀಪಾವಳಿಗೆ ಹೋಗೋಣಲ್ಲ?" ಟಿಕೀಟು ತೆಗೆಸುವುದಾಗಿ ಮಗ ಮಾತು ಕೊಟ್ಟನು.

ನಿಮ್ಮ ಮನೆಯಲ್ಲಿಯೂ ಮಕ್ಕಳು ತಮ್ಮ ಊರನ್ನು ಹೀಗೆ ಅಳೆಯಲಿ. ಸೊನ್ನೆಗಳನ್ನು ಮಾತ್ರ ಎರಡು ಸಲ ಎಣಿಸಲಿ.