ಮಲಗಾಸಿ ಮೈತ್ರಿಕೂಟ

ಮಡಗಾಸ್ಕರ್ ದ್ವೀಪದ ಹೆಸರು ನಮ್ಮ ಪತ್ರಿಕೆಗಳಲ್ಲಿ ಕಾಣುವುದು ಚಂಡಮಾರುತ ಬೀಸಿದಾಗ, ಇಲ್ಲವೆ ಸರಕಾರ ಉರುಳಿದಾಗ. 2025ರ ಅಕ್ಟೋಬರಿನಲ್ಲಿ ಎರಡನೆಯದೇ ಆಯಿತು. ನೀರಿಲ್ಲ, ವಿದ್ಯುತ್ತಿಲ್ಲವೆಂದು ತರುಣರು ಬೀದಿಗಿಳಿದರು. ಸೈನ್ಯದ ಒಂದು ತುಕಡಿ ಅವರ ಪಕ್ಷ ವಹಿಸಿತು. ಅಧ್ಯಕ್ಷ ರಾಜೊಯೆಲಿನಾ ದೇಶ ಬಿಟ್ಟರು. ಅಧಿಕಾರ ಸೇನೆಯ ವಶವಾಯಿತು.

ಇಷ್ಟರಿಂದ ಒಂದು ಜನಾಂಗದ ಪರಿಚಯವಾಗದು. ಆದುದರಿಂದಲೇ 1961ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಆಂಗ್ಲೋ-ಮಲಗಾಸಿ ಸಂಘದ ಉಪನ್ಯಾಸಗಳನ್ನೂ ಕೂಟಗಳನ್ನೂ ನಾವು ಕೇವಲ ವಿನೋದವೆಂದು ಎಣಿಸಲಾರೆವು. ಆಫ್ರಿಕದ ಮಗ್ಗುಲಲ್ಲಿದ್ದರೂ ಮಲಗಾಸಿ ಭಾಷೆಯ ಹತ್ತಿರದ ಬಂಧು ದೂರದ ಬೋರ್ನಿಯೋದಲ್ಲಿದೆ. ಗಾದೆಗಳನ್ನು ಪೋಣಿಸಿ ಸಭೆಯಲ್ಲಿ ಮಾತನಾಡುವ ‘ಕಬಾರಿ’ ಎಂಬ ಅವರ ವಾಕ್ಕಲೆಯನ್ನು ಯುನೆಸ್ಕೋ 2021ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಮೂರು ಹೊತ್ತೂ ಅನ್ನವೇ. ತಳ ಹತ್ತಿದ ಅನ್ನವಿರುವ ಪಾತ್ರೆಗೇ ನೀರು ಹೊಯ್ದು ಕುದಿಸಿ ಕುಡಿಯುತ್ತಾರೆ. ಹೋಟೆಲು ನಡೆಸಿದವರಿಗೆ ಈ ಮಿತವ್ಯಯದ ಬೆಲೆ ತಿಳಿದೀತು!

ಆದರೆ ಊಟಕ್ಕೂ ಸಂಗೀತಕ್ಕೂ ದೊರೆಯುವ ಆಸ್ಥೆ ಪೌರತ್ವದ ಪ್ರಶ್ನೆಗೂ ದೊರೆಯಬೇಡವೆ? ತಲೆಮಾರುಗಳ ಹಿಂದೆ ಗುಜರಾತಿನಿಂದ ಹೋಗಿ ನೆಲಸಿದ, ‘ಕರಾನ’ರೆನಿಸಿದ ವರ್ತಕರ ಸಂತತಿಯಲ್ಲಿ ಅನೇಕರು ಅಲ್ಲಿಯೇ ಹುಟ್ಟಿಯೂ ಯಾವ ದೇಶದ ಪ್ರಜೆಗಳೂ ಅಲ್ಲ. 1960ರಲ್ಲಿ ಸ್ವಾತಂತ್ರ್ಯ ಬಂದಾಗ ರಚಿತವಾದ ಕಾಯಿದೆ ಹುಟ್ಟಿದ ನೆಲವನ್ನು ನೋಡದೆ ರಕ್ತಸಂಬಂಧವನ್ನು ನೋಡಿತು. 2017ರ ತಿದ್ದುಪಡಿಯಿಂದ ಮಲಗಾಸಿ ತಾಯಿ ತನ್ನ ಪೌರತ್ವವನ್ನು ತಂದೆಯಂತೆಯೇ ಮಕ್ಕಳಿಗೆ ಕೊಡಬಲ್ಲವಳಾದಳು, ಸಂತೋಷ; ತಂದೆತಾಯಿಗಳಿಬ್ಬರೂ ಪೌರತ್ವಹೀನರಾದ ಮಗುವಿಗೆ ಅದರಿಂದ ಪ್ರಯೋಜನವೇನು? ಪರಸ್ಥಳದಲ್ಲಿರುವ ನಮ್ಮ ವಾಚಕರಿಗೆ ಮುಂಬಯಿಯಲ್ಲಾಗಲಿ ಮದರಾಸಿನಲ್ಲಾಗಲಿ ಮತದ ಹಕ್ಕಾದರೂ ಉಂಟು. ನಮ್ಮ ನಗರಗಳಲ್ಲಿ ಮಲಗಾಸಿ ಮೈತ್ರಿಕೂಟ ಸೇರುವುದಾದರೆ, ಮೊದಲನೆಯ ಉಪನ್ಯಾಸ ಕರಾನರ ವಿಷಯವಾಗಿಯೇ ಆಗಲೆಂದು ನಾವು ಸೂಚಿಸುತ್ತೇವೆ.