ಅಕ್ಷರ ನಿಲ್ಲದ ಕಣ್ಣಿಗೆ ಕಂಡ ದೇವತೆಗಳು

ಪುರಾಣದ ವೀರನೆಂದರೆ ಎಳವೆಯಲ್ಲೇ ಸಕಲ ವಿದ್ಯೆಗಳನ್ನೂ ಬಲ್ಲವನು ಎಂಬುದು ವಾಡಿಕೆಯ ಕಲ್ಪನೆ. ಆದರೆ ಹನ್ನೆರಡರ ಹರೆಯದ ಪರ್ಸಿ ಜಾಕ್ಸನ್‌ಗೆ ಪುಸ್ತಕದ ಅಕ್ಷರಗಳೇ ನೆಟ್ಟಗೆ ನಿಲ್ಲುವುದಿಲ್ಲ. ಕುಳಿತಲ್ಲಿ ಕೂರುವುದೂ ಆಗದು. ಬೇರೆ ಯಾರಿಗೂ ಕಾಣದ ವಿಚಿತ್ರ ಪ್ರಾಣಿಗಳು ಮಾತ್ರ ಅವನಿಗೆ ಕಾಣುತ್ತವೆ. ಇಂಥ ಹುಡುಗನಿಗೆ ಶಾಲೆಯಲ್ಲಿ ಸಿಗುವ ಬಿರುದು ಒಂದೇ: ತಂಟೆಕೋರ.

‘ಪರ್ಸಿ ಜಾಕ್ಸನ್ ಅಂಡ್ ದಿ ಒಲಿಂಪಿಯನ್ಸ್’ ಧಾರಾವಾಹಿಯ ಮೊದಲ ಕಂತು ಡಿಸ್ನಿ ಪ್ಲಸ್‌ನಲ್ಲಿ ಬಿಡುಗಡೆಯಾದದ್ದು 2023ರ ಡಿಸೆಂಬರ್‌ನಲ್ಲಿ. ಗಣಿತದ ಶಿಕ್ಷಕಿಯನ್ನು ಅಕಸ್ಮಾತ್ತಾಗಿ ಆವಿ ಮಾಡಿಬಿಟ್ಟೆ ಎಂಬರ್ಥದ ಅದರ ಹೆಸರೇ ಮಕ್ಕಳಲ್ಲಿ ನಗೆ ಉಕ್ಕಿಸುವಂಥದ್ದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಶಾಲಾ ಪ್ರವಾಸ ಹೋದಾಗ ಶಿಕ್ಷಕಿಯೊಬ್ಬಳು ರೆಕ್ಕೆ ಬಿಚ್ಚಿ ಪರ್ಸಿಯ ಮೇಲೆರಗುತ್ತಾಳೆ. ಆಕೆ ಗ್ರೀಕ್ ಪುರಾಣದ ಮೂವರು ಸೇಡಿನ ದೇವತೆಗಳಲ್ಲಿ ಒಬ್ಬಳು, ಅಲೆಕ್ಟೊ. ಲ್ಯಾಟಿನ್ ಕಲಿಸುವ ಮೇಷ್ಟ್ರು ಕೊಟ್ಟಿದ್ದ ಪೆನ್ನು ಹುಡುಗನ ಕೈಯಲ್ಲಿ ಕತ್ತಿಯಾಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕಾಳಗ ಮುಗಿಯುತ್ತದೆ.

ಅದಕ್ಕಿಂತ ಹೆಚ್ಚು ನೋವಿನ ಸಂಗತಿ ಆಮೇಲಿನದು. ನಡೆದದ್ದನ್ನು ಯಾರೂ ನಂಬುವುದಿಲ್ಲ. ಏಕೈಕ ಗೆಳೆಯ ಗ್ರೋವರ್ ಕೂಡ ಪರ್ಸಿಯ ವಿರುದ್ಧವೇ ಸಾಕ್ಷಿ ನುಡಿಯುತ್ತಾನೆ. ಪರ್ಸಿ ಶಾಲೆಯಿಂದ ಹೊರಬೀಳುತ್ತಾನೆ. ಗೆಳೆಯ ಹಾಗೆ ಮಾಡಿದ್ದು ತನ್ನನ್ನು ಕಾಪಾಡಲೆಂದು ಎಂಬುದು ಅವನಿಗೆ ತಿಳಿಯುವುದು ತಡವಾಗಿ. ತಪ್ಪು ಮಾಡದೆ ಮುಖ್ಯೋಪಾಧ್ಯಾಯರ ಮುಂದೆ ನಿಂತ ಯಾವ ಮಗುವಿಗೂ ಈ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಥೆಯ ಮೂಲ ಒಂದು ಮನೆಯೊಳಗಿದೆ. ಮೂಲ ಕಾದಂಬರಿ ‘ದಿ ಲೈಟ್ನಿಂಗ್ ಥೀಫ್’ 2005ರಲ್ಲಿ ಪ್ರಕಟವಾಯಿತು. ಅದರ ಲೇಖಕ ರಿಕ್ ರಿಯೋರ್ಡನ್ ಅಮೆರಿಕದಲ್ಲಿ ಹಲವು ವರ್ಷ ಶಾಲಾ ಶಿಕ್ಷಕರಾಗಿದ್ದವರು. ಅವರ ಮಗನಿಗೆ ಡಿಸ್ಲೆಕ್ಸಿಯಾ ಎಂಬ ಓದಿನ ತೊಡಕೂ, ಗಮನ ನಿಲ್ಲದ ಎ.ಡಿ.ಎಚ್.ಡಿ. ತೊಂದರೆಯೂ ಇತ್ತು. ಆ ಹುಡುಗನಿಗೆ ಇಷ್ಟವಾದದ್ದು ಗ್ರೀಕ್ ಪುರಾಣ. ರಾತ್ರಿ ಮಲಗುವ ಮುನ್ನ ಹೇಳುತ್ತಿದ್ದ ಕಥೆಗಳು ಮುಗಿದುಹೋದಾಗ ತಂದೆ ಹೊಸದೊಂದನ್ನು ಕಟ್ಟಿದರು. ಅದರ ನಾಯಕನಿಗೂ ಮಗನ ತೊಡಕುಗಳನ್ನೇ ಕೊಟ್ಟರು. ಅಕ್ಷರ ಚದುರುವುದು ಆ ಮಿದುಳು ಪ್ರಾಚೀನ ಗ್ರೀಕ್ ಭಾಷೆಗೆ ಹೊಂದಿಕೊಂಡಿರುವುದರಿಂದ, ಚಡಪಡಿಕೆಯೋ ಯುದ್ಧದ ಚುರುಕು ಎಂಬುದು ಕಥೆ ಕೊಡುವ ವಿವರಣೆ.

ಪುರಾಣ ಬಲ್ಲವರಿಗೆ ಇಲ್ಲಿ ಇನ್ನೊಂದು ಸ್ವಾರಸ್ಯವುಂಟು. ಪರ್ಸಿಯ ಪೂರ್ಣ ಹೆಸರು ಪರ್ಸಿಯಸ್. ಮೂಲ ಪರ್ಸಿಯಸ್‌ನನ್ನು ಮಗುವಾಗಿದ್ದಾಗಲೇ ತಾತನಾದ ಅರಸ ಪೆಟ್ಟಿಗೆಯಲ್ಲಿಟ್ಟು ಸಮುದ್ರಕ್ಕೆ ತಳ್ಳಿಸಿದ. ನಮ್ಮ ಕರ್ಣನ ನೆನಪಾಗುವುದು ಸಹಜ. ಆದರೆ ಕರ್ಣ ತೇಲಿದ್ದು ಒಂಟಿಯಾಗಿ. ಪರ್ಸಿಯಸ್‌ನ ಜೊತೆ ಅದೇ ಪೆಟ್ಟಿಗೆಯಲ್ಲಿ ತಾಯಿ ಡಾನೇ ಇದ್ದಳು. ಧಾರಾವಾಹಿಯ ತಾಯಿ ಸ್ಯಾಲಿಯೂ ಹಾಗೆಯೇ. ಮೆಡೂಸಾಳ ತಲೆ ಹಿಡಿದ ಪರ್ಸಿಯಸ್‌ನ ಪ್ರತಿಮೆಯ ಮುಂದೆ ಪುಟ್ಟ ಮಗನನ್ನು ನಿಲ್ಲಿಸಿ, ವೀರನಂತೆ ಕಾಣುವವರೆಲ್ಲ ವೀರರಲ್ಲ, ರಾಕ್ಷಸರಂತೆ ಕಾಣುವವರೆಲ್ಲ ರಾಕ್ಷಸರೂ ಅಲ್ಲವೆಂದು ಆಕೆ ತಿಳಿಹೇಳುತ್ತಾಳೆ. ಕಂತಿನ ಕೊನೆಗೆ ಗೂಳಿಯ ತಲೆಯ ಮಿನೋಟಾರ್ ಅಟ್ಟಿಸಿಕೊಂಡು ಬಂದಾಗ ಅದಕ್ಕೆ ಎದುರಾಗಿ ನಿಲ್ಲುವವಳೂ ಆಕೆಯೇ. ಕ್ರೀಟ್ ದ್ವೀಪದ ಆ ದೈತ್ಯನನ್ನು ಪುರಾಣದಲ್ಲಿ ಕೊಂದವನು ಥೀಸಿಯಸ್. ಇಲ್ಲಿ ಅದರದೇ ಕೊಂಬಿನಿಂದ ಅದನ್ನು ಮುಗಿಸುವವನು ತಾಯಿಯನ್ನು ಕಳೆದುಕೊಂಡ ಪರ್ಸಿ.

ಕಂತಿನಲ್ಲಿ ಕುಂದುಗಳಿಲ್ಲವೆಂದಲ್ಲ. ರಾತ್ರಿಯ ಮಳೆಯ ಕಾಳಗ ಕತ್ತಲಲ್ಲಿ ಸರಿಯಾಗಿ ಕಾಣದು. ಮಾತಿನಲ್ಲೇ ಹೇಳಿ ಮುಗಿಸುವ ಸಂಗತಿಗಳೂ ಹೆಚ್ಚು. ಆದರೆ ಪರ್ಸಿಯಾದ ವಾಕರ್ ಸ್ಕೋಬೆಲ್, ಗ್ರೋವರ್ ಆದ ಭಾರತೀಯ ಮೂಲದ ಆರ್ಯನ್ ಸಿಂಹಾದ್ರಿ ಇಬ್ಬರೂ ನಿಜಕ್ಕೂ ಮಕ್ಕಳಂತೆಯೇ ಇದ್ದಾರೆ. 2010ರ ಚಲನಚಿತ್ರದಲ್ಲಿ ಈ ಪಾತ್ರಗಳ ವಯಸ್ಸನ್ನು ಏರಿಸಲಾಗಿತ್ತು. ಹುಡುಗ ಚಿಕ್ಕವನಾಗಿದ್ದಷ್ಟೂ ಅವನ ಒಂಟಿತನ ದೊಡ್ಡದಾಗಿ ಕಾಣುತ್ತದೆ.

ಪಾಲಕರು ಒಂದು ಮಾತು ಗಮನಿಸಬೇಕು. ಡಿಸ್ಲೆಕ್ಸಿಯಾ ದೇವರ ವರವೂ ಅಲ್ಲ, ದಡ್ಡತನವೂ ಅಲ್ಲ. ಅದು ಓದುವ ಕ್ರಿಯೆಗೆ ಸಂಬಂಧಿಸಿದ ತೊಡಕು, ಬುದ್ಧಿಯ ಅಳತೆಗೋಲಲ್ಲ. ಬೇಗ ಗುರುತಿಸಿ, ಅಕ್ಷರ ಮತ್ತು ಧ್ವನಿಯ ನಂಟನ್ನು ಹಂತಹಂತವಾಗಿ ಕಲಿಸಿದರೆ ಅಂಥ ಮಕ್ಕಳೂ ಓದುತ್ತಾರೆ. 2007ರ ‘ತಾರೇ ಜಮೀನ್ ಪರ್’ ಹಿಂದಿ ಚಿತ್ರ ಹೇಳಿದ್ದೂ ಇದನ್ನೇ. ಕಥೆಯ ಕತ್ತಿ ಯಾರ ಮಗುವಿನ ಕೈಗೂ ಬರಲಾರದು. ಆದರೆ ‘ನೀನು ಸುಳ್ಳು ಹೇಳುತ್ತಿಲ್ಲ, ಸೋಮಾರಿಯೂ ಅಲ್ಲ’ ಎಂದು ಮಗುವನ್ನು ನಂಬುವ ಸ್ಯಾಲಿಯ ಗುಣ ಯಾವ ತಾಯಿ ತಂದೆಗೂ ನಿಲುಕದ್ದೇನಲ್ಲ. ಮುಂದಿನ ಅಂಕಪಟ್ಟಿ ಮನೆಗೆ ಬರುವ ಮುನ್ನ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕಂತನ್ನು ನೋಡಿದರೆ ನಷ್ಟವಿಲ್ಲ.